ಅಜ್ಜಿಯ ಕಣ್ಣೂ ಬಸದಿಯ ಕಂಬವೂ

ನಗಬೇಕು ಅನ್ನಿಸಿದರೆ ಊರಿನವರು ಡೇರೆ ನಾಟಕಕ್ಕೆ ಹೋಗುತ್ತಾರೆ. ನಮ್ಮ ಮನೆಯವರಿಗೆ ಆ ಖರ್ಚಿಲ್ಲ. ನಡುಮನೆಯಲ್ಲಿ ಅಜ್ಜಿ ಇದ್ದಾಳೆ, ಅಂಗಡಿಯಲ್ಲಿ ನಾನಿದ್ದೇನೆ, ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ನಮ್ಮದು ಹಳೇಬೀಡಿನ ಬಸದಿಗೆ ಹತ್ತಿರದ ಜೈನರ ಮನೆ. ಅಪ್ಪನದು ದಿನಸಿ ಅಂಗಡಿ. ಎಂಟನೇ ಕ್ಲಾಸಿನಲ್ಲಿ ನಾನೂ ಶಾಲೆಯೂ ಪರಸ್ಪರ ಒಪ್ಪಿಕೊಂಡು ಬೇರೆಯಾದೆವು. ಅಂದಿನಿಂದ ಅಂಗಡಿಯಲ್ಲಿ ಬೆಲ್ಲ, ಕೊಬ್ಬರಿ ತೂಗುತ್ತೇನೆ, ಬಿಡುವಾದಾಗ ಗಿರಾಕಿಗಳನ್ನು ನಗಿಸುತ್ತೇನೆ. ಬಿಡುವು ಮಾಡಿಕೊಂಡೇ ನಗಿಸುತ್ತೇನೆ ಅಂತ ಅಪ್ಪನ ದೂರು. ನನ್ನ ಮಾತನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ. ಬಣವೆಗೆ ಬೆಂಕಿ ಬಿದ್ದಿದೆ ಅಂದರೂ ಮೊದಲು ನಗುತ್ತಾರೆ, ಆಮೇಲೆ ಕೊಡ ಹುಡುಕುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಜ್ಜಿಯ ಕಣ್ಣು ಉಳಿದದ್ದು ನನ್ನ ಈ ಒಳ್ಳೆ ಹೆಸರಿನಿಂದಲೇ.

ಕಂಬದ ತಪ್ಪು

ನಮ್ಮ ಬಸದಿಯ ಕಂಬಗಳನ್ನು ನೋಡಿದವರಿಗೆ ಗೊತ್ತು. ಕರೀ ಕಲ್ಲು, ಕನ್ನಡಿಯ ಹಾಗೆ ಹೊಳೆಯುತ್ತದೆ. ಎದುರಿಗೆ ನಿಂತರೆ ಮುಖ ಕಾಣುತ್ತದೆ. ಅಜ್ಜಿ ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ಬೆಳಿಗ್ಗೆ ದರ್ಶನಕ್ಕೆ ಹೋದಾಗ ಮೊದಲು ಒಂದು ಕಂಬದ ಮುಂದೆ ನಿಂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಆಮೇಲೆ ಸ್ವಾಮಿಯ ಹತ್ತಿರ ಹೋಗುವುದು. ಮನೆಯಲ್ಲಿ ಕನ್ನಡಿ ಇಲ್ಲವೇ ಅಂದರೆ ಇದೆ. "ಮನೆ ಕನ್ನಡೀಲಿ ನಾನೊಬ್ಬಳೇ ಕಾಣ್ತೀನಿ ಕಣೋ. ಕಂಬದಲ್ಲಿ ನನ್ನ ಹಿಂದೆ ಸ್ವಾಮಿಯ ದೀಪಾನೂ ಕಾಣ್ತದೆ" ಅನ್ನುತ್ತಿದ್ದಳು.

ಒಂದು ದಿನ ಅಜ್ಜಿ ಕಂಬದ ಮುಂದೆ ನಿಂತವಳು ಅಲ್ಲೇ ನಿಂತಳು. ಹತ್ತಿರ ಹೋದಳು, ಹಿಂದೆ ಬಂದಳು, ಸೆರಗಿನ ತುದಿಯಿಂದ ಒರೆಸಿದಳು.

"ಪುರೋಹಿತರೇ, ಈ ಕಂಬ ಒರೆಸಿ ಎಷ್ಟು ಕಾಲ ಆಯ್ತು?"

ಪುರೋಹಿತರು ಸಾಧು ಮನುಷ್ಯ. "ದಿನಾ ಒರೆಸ್ತೀನಿ ಅಮ್ಮಾ."

"ಸ್ವಾಮಿ ಎದುರಿಗೆ ಹಾಗೆಲ್ಲ ಹೇಳಬಾರದು. ನೋಡಿ, ಹೊಗೆ ಹಿಡಿದ ಹಂಚಿನ ಹಾಗಿದೆ."

ಪುರೋಹಿತರು ಬಗ್ಗಿ ನೋಡಿದರು. ಅವರ ಮೂಗಿನ ಮೇಲಿನ ಮಚ್ಚೆ ಸಹಿತ ಕಾಣುತ್ತಿತ್ತು. ಆದರೆ ದೊಡ್ಡವರಿಗೆ ಎದುರಾಡುವುದು ಹೇಗೆ? ಮಾರನೆಯ ದಿನದಿಂದ ಒದ್ದೆ ಬಟ್ಟೆಯಲ್ಲಿ ಒಂದು ಸಲ, ಒಣ ಬಟ್ಟೆಯಲ್ಲಿ ಒಂದು ಸಲ ಉಜ್ಜತೊಡಗಿದರು. ಅಜ್ಜಿ ಬಂದು ನೋಡುವುದು, ತಲೆ ಅಲ್ಲಾಡಿಸುವುದು, "ಇನ್ನೂ ಸ್ವಲ್ಪ" ಅನ್ನುವುದು. ಅವರು ಬೆವರುತ್ತಾ ಮತ್ತೆ ಉಜ್ಜುವುದು.

ಬೇಲೂರು ಕಡೆಯಿಂದ ಬಸ್ಸಿನಲ್ಲಿ ಗುಡಿ ನೋಡಲು ಬಂದವರು ಇದನ್ನು ದೂರದಿಂದ ನಿಂತು ನೋಡಿದರು. ಪುರೋಹಿತರೇ ಇಷ್ಟು ಶ್ರದ್ಧೆಯಿಂದ ಉಜ್ಜುತ್ತಿದ್ದಾರೆ ಅಂದಮೇಲೆ ಇದೇನೋ ಸೇವೆ ಇರಬೇಕು ಅಂದುಕೊಂಡರು. ಅವರೂ ಸಾಲಾಗಿ ಬಂದು, ಹೆಗಲ ಮೇಲಿನ ಟವಲಿನಿಂದ ಕಂಬ ಉಜ್ಜಿ, ಟವಲು ಕಣ್ಣಿಗೊತ್ತಿಕೊಂಡು ಹೋದರು. ಒಬ್ಬ ಮಾತ್ರ ನನ್ನ ಹತ್ತಿರ ಬಂದು, "ಇದು ಯಾವ ಕಾಯಿಲೆಗೆ ಒಳ್ಳೇದಪ್ಪ?" ಅಂತ ಕೇಳಿದ.

"ಕಣ್ಣಿಗೆ" ಅಂದೆ.

ಇರುವೆಗೆ ಏನೂ ಆಗಲಿಲ್ಲ

ತಪ್ಪು ಕಂಬದ್ದಲ್ಲ, ಕಣ್ಣಿನದು ಅಂತ ಮನೆಯವರಿಗೆ ತಿಳಿದದ್ದು ಅಜ್ಜಿ ಬಾಗಿಲಿಗೆ ನೇತುಹಾಕಿದ ಚೀಲವನ್ನು "ಬಾರಪ್ಪ, ಕೂತ್ಕೋ" ಅಂತ ಉಪಚರಿಸಿದ ದಿನ. ಬೀದಿಗೆ ಸುದ್ದಿ ಹೋಯಿತು. ನಮ್ಮ ಬೀದಿಯಲ್ಲಿ ಕಾಯಿಲೆ ಒಬ್ಬರಿಗೆ ಬಂದರೆ ಔಷಧಿ ಎಲ್ಲರಿಗೂ ಗೊತ್ತಿರುತ್ತದೆ.

ಎದುರು ಮನೆಯ ಮೇಷ್ಟರ ಹೆಂಡತಿ, "ಕಣ್ಣಿಗೆ ಒಂದು ತೊಟ್ಟು ಜೇನುತುಪ್ಪ ಬಿಡಿ, ಕನ್ನಡಿ ಹಾಗಾಗ್ತದೆ" ಅಂದರು. ಹಾಲು ತರುವವಳು, "ಜೇನು ಏನಕ್ಕೂ ಬರಾಕಿಲ್ಲ, ಈರುಳ್ಳಿ ರಸ ಬುಡಿ, ಪೊರೆ ಕಿತ್ಕೊಂಡು ಬತ್ತದೆ" ಅಂದಳು.

ನಾವು ಜೈನರು. ಜೇನೂ ಮುಟ್ಟುವುದಿಲ್ಲ, ಈರುಳ್ಳಿಯೂ ಒಳಗೆ ಬರುವುದಿಲ್ಲ. ಅಜ್ಜಿ ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು: "ಬಾಯಿಗೆ ಬಿಡದೇ ಇರೋದನ್ನ ಕಣ್ಣಿಗೆ ಬಿಡ್ತೀನೇನ್ರೇ?"

ಉಳಿದದ್ದು ನಂದಿಬಟ್ಟಲು ಹೂವು. ಅದು ಮೇಷ್ಟರ ಹಿತ್ತಲಲ್ಲಿ ಬೇಕಾದಷ್ಟಿತ್ತು. ತಂದು, ನೀರಿನಲ್ಲಿ ನೆನೆಸಿ, ಮಲಗಿಕೊಂಡು ರೆಪ್ಪೆಯ ಮೇಲೆ ಇಟ್ಟುಕೊಳ್ಳಬೇಕು. ಹುಳ ಹುಪ್ಪಟೆ ಇದೆಯೇ ಅಂತ ನೋಡುವ ಕೆಲಸ ನನ್ನದು. "ಚೆನ್ನಾಗಿ ನೋಡಿದೆಯೇನೋ?" ಅಂದಳು ಅಜ್ಜಿ. "ಒಂದೊಂದು ಎಸಳೂ ನೋಡಿದೆ" ಅಂದೆ. ಎಸಳು ನೋಡಿದ್ದು ನಿಜ. ತೊಟ್ಟಿನ ಕೆಳಗೆ ಒಂದು ಕೆಂಪಿರುವೆ ಕೂತಿತ್ತು, ಅದು ನನ್ನನ್ನು ನೋಡಿರಬೇಕು, ನಾನು ಅದನ್ನು ನೋಡಿರಲಿಲ್ಲ.

ಅಜ್ಜಿ ಹೂವಿಟ್ಟುಕೊಂಡು ಮಲಗಿದ್ದಾಳೆ. ಇದ್ದಕ್ಕಿದ್ದ ಹಾಗೆ ಕೈ ಎರಡೂ ಮೇಲೆ ಎತ್ತಿದಳು. ಬೇರೆ ಯಾರಾದರೂ ಆಗಿದ್ದರೆ ಫಟ್ ಅಂತ ರೆಪ್ಪೆಯ ಮೇಲೆ ಹೊಡೆದುಕೊಳ್ಳುತ್ತಿದ್ದರು. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿದೆ, ಬಾಯಲ್ಲಿ ಮಾತ್ರ, "ಮೆಲ್ಲಗೆ ಎತ್ತೋ. ಕಾಲು ಗೀಲು ಮುರಿದೀಯ."

ಎತ್ತಿ ಗಿಡಕ್ಕೆ ಬಿಟ್ಟು ಬಂದೆ. ಅಷ್ಟರಲ್ಲಿ ರೆಪ್ಪೆ ಬೋಂಡದ ಹಾಗೆ ಊದಿತ್ತು. ಅಮ್ಮ ಗಾಬರಿಯಾಗಿ ಗಾಳಿ ಬೀಸುತ್ತಿದ್ದಾಳೆ, ಅಪ್ಪ ನನ್ನನ್ನು ಬೈಯುತ್ತಿದ್ದಾರೆ. ಅಜ್ಜಿ ಇಬ್ಬರನ್ನೂ ಸುಮ್ಮನಿರಿಸಿ ನನ್ನನ್ನು ಕೇಳಿದಳು: "ಅದು ನಡೀತಿತ್ತೇನೋ? ಕುಂಟ್ತಾ ಇರಲಿಲ್ಲ ತಾನೇ?"

ಇಲ್ಲದ ಹುಳ

ರೆಪ್ಪೆ ಇಳಿದ ಮೇಲೆ ಅಪ್ಪ, "ಅರಸೀಕೆರೆ ಸಂತೇಲಿ ಕನ್ನಡಕ ಮಾರ್ತಾರೆ. ಕರ್ಕೊಂಡು ಹೋಗಿ ಒಂದು ಕೊಡಿಸ್ಕೊಂಡು ಬಾ" ಅಂತ ನನ್ನನ್ನು ಅಟ್ಟಿದರು. ಸಂತೆಯಲ್ಲಿ ತೆಂಗಿನಕಾಯಿ ರಾಶಿಯ ಪಕ್ಕ ಒಬ್ಬ ಸಾಬರು ತಗಡಿನ ಪೆಟ್ಟಿಗೆ ತೆರೆದುಕೊಂಡು ಕೂತಿದ್ದರು. ಬಿಳಿ ಗಡ್ಡ, ಮೆಲುಮಾತು. ಕನ್ನಡಕ ಹಾಕಿ ನೋಡಲು ಹಳೇ ಪೇಪರಿನ ಚೂರು ಕೊಡುತ್ತಿದ್ದರು.

ಅಜ್ಜಿ ಪೇಪರು ವಾಪಸು ಕೊಟ್ಟಳು. "ಓದೋಕೆ ಅಲ್ಲಪ್ಪ ನನಗೆ ಬೇಕಾಗಿರೋದು" ಅನ್ನುತ್ತಾ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಹಿಡಿ ಅಕ್ಕಿ. ಅಕ್ಕಿಯಲ್ಲಿ ಹುಳ ಕಾಣಬೇಕು, ಅದೇ ಅವಳ ಪರೀಕ್ಷೆ. ಹುಳ ನೋಡದೆ ಬೇಯಿಸಿದರೆ ಪಾಪ. ಕನ್ನಡಕ ಇರುವುದೇ ಅದಕ್ಕೆ.

ಸಾಬರು ಒಂದು ಹಾಕಿದರು. "ಕಾಣ್ತಾ ತಾಯಿ?"

"ಹುಳ ಕಾಣಲ್ಲ."

ಇನ್ನೊಂದು ಹಾಕಿದರು. "ಇದರಲ್ಲಿ?"

"ಇಲ್ಲ."

ದಪ್ಪ ಗಾಜು, ತೆಳು ಗಾಜು, ದುಂಡನೆಯದು, ಚೌಕನೆಯದು, ಪೆಟ್ಟಿಗೆಯ ತಳ ಕಾಣಿಸಿತು. ಸುತ್ತ ಜನ ಸೇರಿತು. ಸಾಬರು ಬೆವರು ಒರೆಸಿಕೊಂಡು, ತಾವೇ ಆ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ಬೆರಳಾಡಿಸಿ ನೋಡಿ, ನನ್ನ ಕಡೆ ತಿರುಗಿದರು.

"ಈ ಅಕ್ಕಿ ಯಾರಪ್ಪ ಆರಿಸಿದ್ದು?"

"ನಮ್ಮಮ್ಮ. ಬೆಳಿಗ್ಗೆ."

"ತಾಯಿ, ಇದರಲ್ಲಿ ಹುಳಾನೇ ಇಲ್ಲ. ನನ್ನ ಕನ್ನಡಕ ಇರೋದನ್ನ ತೋರಿಸ್ತದೆ. ಇಲ್ಲದೇ ಇರೋದನ್ನ ತೋರಿಸೋ ಕನ್ನಡಕ ಬೇಕಾದ್ರೆ ಬೊಂಬಾಯಿಂದ ತರಿಸ್ಬೇಕು."

ಸಂತೆಯೇ ನಕ್ಕಿತು, ಅಜ್ಜಿಯೂ ನಕ್ಕಳು. ನಗುವಾಗ ಮುಖ ಮೇಲೆತ್ತಿದಳಲ್ಲ, ಆಗ ಬಿಸಿಲು ನೇರ ಕಣ್ಣಿಗೆ ಬಿತ್ತು. ಸಾಬರು ನಗು ನಿಲ್ಲಿಸಿದರು. "ಕಣ್ಣಲ್ಲಿ ಬೆಳ್ಳಗೆ ಪೊರೆ ಬಂದಿದೆ ತಾಯಿ. ಇದು ಕನ್ನಡಕದ ಕೆಲಸ ಅಲ್ಲ. ಇಲ್ಲಿ ಸ್ಟೇಷನ್ ಹತ್ತಿರದ ಸ್ಕೂಲಿಗೆ ವರ್ಷಕ್ಕೊಂದು ಸಲ ಕಣ್ಣಿನ ಡಾಕ್ಟರು ಬರ್ತಾರೆ. ಆಪರೇಷನ್ ಮಾಡಿ ತೆಗೀತಾರೆ. ಮುಂದಿನ ತಿಂಗಳು ಬರ್ತಾರೆ, ತಡ ಮಾಡ್ಬೇಡಿ."

ಪೆಟ್ಟಿಗೆ ಪೂರ್ತಿ ಬಿಚ್ಚಿ ತೋರಿಸಿ ಒಂದೂ ಮಾರದೆ ನಮ್ಮನ್ನು ಕಳಿಸಿದ ವ್ಯಾಪಾರಿ ಅವರೊಬ್ಬರೇ. ಅವರ ಪೆಟ್ಟಿಗೆ ಎಂದೂ ಖಾಲಿ ಕೂರದಿರಲಿ. ಹೊರಡುವಾಗ ಅಜ್ಜಿ ಅಕ್ಕಿ ವಾಪಸು ಕೇಳಿದಳು. ಕೊಟ್ಟರು. ಆಮೇಲೆ ಜನರ ಕಡೆ ತಿರುಗಿ ಹೇಳಿದರು: "ನೋಡಿದ್ರಾ, ಇವತ್ತು ಗಿರಾಕೀನೇ ನನ್ನ ಕಣ್ಣು ಪರೀಕ್ಷೆ ಮಾಡಿ ಹೋದ್ರು."

ಮೂರು ಗಂಟೆಗೆ ಮುಳುಗುವ ಸೂರ್ಯ

ಅಜ್ಜಿ ಆಪರೇಷನ್‌ಗೆ ಸುತರಾಂ ಒಪ್ಪಲಿಲ್ಲ. "ಕತ್ತರಿಸಿ ಹೊಲಿಯೋಕೆ ಅದೇನು ರವಿಕೇನಾ?" ಅಂದಳು.

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಕತ್ತಲಲ್ಲಿ ಜೀವ ಕಾಣುವುದಿಲ್ಲ, ತಿಳಿಯದೆ ತುತ್ತಿನೊಡನೆ ಹೋಗಬಾರದು ಅಂತ. ಅಜ್ಜಿಗೆ ಈಗ ಹಗಲೂ ಮುಸ್ಸಂಜೆಯ ಹಾಗೇ ಕಾಣುತ್ತಿತ್ತು. ಮೋಡ ಒಂದು ಅಡ್ಡ ಬಂದರೆ ಸಾಕು, ಮೂರು ಗಂಟೆಗೇ, "ಹೊತ್ತು ಮುಳುಗಿತು, ನನಗೆ ಊಟ ಬೇಡ" ಅಂತ ಕೈ ತೊಳೆದುಬಿಡುವಳು. ಕೋಳಿಗಳು ಇನ್ನೂ ಬೀದಿಯಲ್ಲಿ ಕೆದಕುತ್ತಿರುತ್ತಿದ್ದವು.

"ಅಜ್ಜಿ, ಹೊತ್ತು ನೆತ್ತಿಯಿಂದ ಈಗ ಇಳೀತಾ ಇದೆ."

"ನೀನು ಇಳೀತಿದೆ ಅಂದೆ ಅಂದ್ರೆ ಮುಳುಗಿರ್ತದೆ ಬಿಡು."

ಮೇಷ್ಟರನ್ನು ಕರೆದು ಸಾಕ್ಷಿ ಹೇಳಿಸಿದೆ. "ನಿಮಗೂ ಹೇಳಿಕೊಟ್ಟಿದ್ದಾನಾ ಇವನು?" ಅಂದಳು. ಶಾಲೆಯಲ್ಲಿ ನನಗೆ ಏನೂ ಹೇಳಿಕೊಡಲಾಗದೆ ಸೋತ ಮೇಷ್ಟರು, ನಾನು ತಮಗೇ ಹೇಳಿಕೊಟ್ಟೆ ಅನ್ನಿಸಿಕೊಂಡದ್ದು ತಡೆಯಲಾಗದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಲ್ಲಿಯವರೆಗೆ ನಗು. ಆಮೇಲೆ ಅಜ್ಜಿ ಸೊಪ್ಪು ಬಿಟ್ಟಳು. ಸೊಪ್ಪಿನ ಹುಳ ಕಾಣುವುದಿಲ್ಲ ಅಂತ. ಬದನೆಕಾಯಿ ಬಿಟ್ಟಳು. ಹುರುಳಿ ಬಿಟ್ಟಳು. ಸಂಜೆಯ ಊಟ ಪೂರ್ತಿ ಬಿಟ್ಟಳು. ಅಮ್ಮ ಆರಿಸಿ ಕೊಟ್ಟರೂ, "ನಿನ್ನ ಕಣ್ಣಿನ ಪುಣ್ಯ ನಿನಗೆ, ನನ್ನ ತುತ್ತು ನಾನು ನೋಡಿ ತಿನ್ನಬೇಕು" ಅನ್ನುವಳು. ನಮ್ಮವರಲ್ಲಿ ಹಿರಿಯರು, ಕಣ್ಣು ಹೋಗಿ ವ್ರತ ನಡೆಸಲಾಗದಿದ್ದರೆ, ಒಂದೊಂದೇ ಬಿಡುತ್ತಾ ಬಂದು ಕೊನೆಗೆ ಸಲ್ಲೇಖನ ಅಂತ ಅನ್ನವನ್ನೇ ಬಿಡುವುದುಂಟು. ಅದನ್ನು ಯಾರೂ ತಡೆಯುವುದಿಲ್ಲ, ಬಂದು ಕೈ ಮುಗಿಯುತ್ತಾರೆ. ಅಜ್ಜಿಗೆ ಹಾಗೆ ಕೈ ಮುಗಿಯುವುದು ನನಗೆ ಬೇಕಿರಲಿಲ್ಲ. ಬೈಯುವ ಅಜ್ಜಿಯೇ ಬೇಕಿತ್ತು.

ಒಂದು ಮಧ್ಯಾಹ್ನ ಅವಳು ಬರೀ ಗಂಜಿ ಕುಡಿದು ತಟ್ಟೆ ಸರಿಸಿದಾಗ, ನಾನು ಅಂಗಡಿ ಬಿಟ್ಟು ಬಂದು ಅವಳ ಮುಂದೆ ಕೂತೆ.

"ಅಜ್ಜಿ, ಇನ್ನು ನೀನು ಏನೂ ಯೋಚನೆ ಮಾಡ್ಬೇಡ. ನಾಳೆಯಿಂದ ನಿನ್ನ ಅಕ್ಕಿ ನಾನೇ ಆರಿಸ್ತೀನಿ. ಸೊಪ್ಪು ನಾನೇ ಬಿಡಿಸ್ತೀನಿ. ನೀರು ನಾನೇ ಸೋಸ್ತೀನಿ. ಹೊತ್ತು ಮುಳುಗಿತೋ ಇಲ್ಲವೋ ನಾನೇ ಹೇಳ್ತೀನಿ. ನೀನು ಇರೋವರೆಗೂ ನನ್ನ ಕಣ್ಣೇ ನಿನ್ನ ಕಣ್ಣು."

ತಮಾಷೆಗಲ್ಲ, ಮನಸಾರೆ ಹೇಳಿದೆ. ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಪ್ಪ ನನ್ನನ್ನು ಮೊದಲ ಸಲ ಮಗನ ಹಾಗೆ ನೋಡಿದರು.

ಅಜ್ಜಿ ಸರಿಸಿದ ತಟ್ಟೆಯ ಅಂಚನ್ನು ಬೆರಳಿನಿಂದ ತಡವಿದಳು. ನಾನು ಆರಿಸಿದ ಹೂವು, ಅದರ ಕೆಳಗಿದ್ದ ಇರುವೆ, ಎಲ್ಲ ನೆನಪಾಗಿರಬೇಕು. ನಿಧಾನವಾಗಿ ಅಪ್ಪನ ಕಡೆ ತಿರುಗಿದಳು.

"ಅರಸೀಕೆರೆಗೆ ಆ ಡಾಕ್ಟರು ಯಾವತ್ತು ಬರ್ತಾರಂತಪ್ಪ?"

ತೊಳೆಯುವ ನೀರು

ಹೊರಡುವ ಹಿಂದಿನ ದಿನ ಮೇಷ್ಟರ ಹೆಂಡತಿ ಬಂದು, "ಕಣ್ಣು ಕಿತ್ತು ತಟ್ಟೇಲಿಟ್ಟು, ತೊಳೆದು, ಮತ್ತೆ ಕೂರಿಸ್ತಾರಂತೆ ಕಣ್ರೀ. ತಟ್ಟೇನ ಕಾಗೆ ಗೀಗೆ ಮುಟ್ಟದ ಹಾಗೆ ಯಾರಾದ್ರೂ ಪಕ್ಕ ನಿಂತ್ಕೊಳ್ಳಿ" ಅಂತ ಹೇಳಿ ಹೋದರು. ಅಮ್ಮನಿಗೆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜಿ ಚೆನ್ನಾಗಿ ನಿದ್ದೆ ಮಾಡಿದಳು. ಬಸ್ಸಿನಲ್ಲಿ ಮಾತ್ರ ಏನೋ ಯೋಚನೆಯಲ್ಲಿದ್ದಳು. ನಾನು ಅವಳಿಗೆ ಭಯವಾಗಿದೆ ಅಂದುಕೊಂಡು ಕೈ ಹಿಡಿದುಕೊಂಡೆ.

ಶಾಲೆಯ ಬೆಂಚುಗಳನ್ನೆಲ್ಲ ಆಚೆ ಹಾಕಿ, ಒಳಗೆ ಸಾಲಾಗಿ ಮಂಚ ಹಾಕಿದ್ದರು. ಡಾಕ್ಟರು ದೀಪ ಬಿಟ್ಟು ಅಜ್ಜಿಯ ಕಣ್ಣು ನೋಡಿದರು.

"ಏನೇನು ಹಾಕಿದ್ರಿ ಅಜ್ಜಿ ಇದಕ್ಕೆ?"

"ನಂದಿಬಟ್ಟಲು ಹೂವು."

"ಹೂವು ದೇವರಿಗಿರಲಿ. ಕಣ್ಣಿಗೆ ಹೂವು, ಜೇನು, ರಸ ಏನೂ ಬೇಡ. ಮಂಜಾಗ್ತಾ ಇದೆ ಅಂದ ಕೂಡಲೇ ತೋರಿಸಬೇಕು. ವಯಸ್ಸಾದ ಮೇಲೆ ತಲೆ ನೆರೆಯೋ ಹಾಗೆ ಕಣ್ಣಿಗೂ ಪೊರೆ ಬರ್ತದೆ, ಅದರಲ್ಲಿ ನಾಚಿಕೆ ಏನಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿ, "ನಿಮಗೂ ನಲವತ್ತು ದಾಟಿರಬೇಕು. ಬಂದದ್ದು ಬಂದಿರಿ, ನೀವೂ ತೋರಿಸ್ಕೊಂಡು ಹೋಗಿ" ಅಂದರು. ಅಪ್ಪನಿಗೆ ಓದುವ ಕನ್ನಡಕ ಬೇಕು ಅಂತ ಆಗಲೇ ಗೊತ್ತಾದದ್ದು. ಅಷ್ಟು ದಿನ ತಕ್ಕಡಿಯ ಮುಳ್ಳು ಅಲ್ಲಾಡುತ್ತಿದೆ ಅಂತ ನನ್ನನ್ನು ಬೈಯುತ್ತಿದ್ದರು.

ಡಾಕ್ಟರು ಅಜ್ಜಿಯನ್ನು ಕೇಳಿದರು: "ಭಯ ಇದೆಯಾ ಅಜ್ಜಿ? ಏನಾದ್ರೂ ಕೇಳೋದಿದ್ರೆ ಕೇಳಿ."

ಅಜ್ಜಿ ಬಸ್ಸಿನುದ್ದಕ್ಕೂ ಇಟ್ಟುಕೊಂಡು ಬಂದಿದ್ದನ್ನು ಆಗ ಕೇಳಿದಳು.

"ಕಣ್ಣು ಕಿತ್ತು ತೊಳೀತೀರಲ್ಲ ಸ್ವಾಮಿ. ಆ ನೀರು ಸೋಸಿದ್ದಾ?"

ಡಾಕ್ಟರು ನಗಲಿಲ್ಲ. ಅದಕ್ಕೇ ಅವರನ್ನು ಇವತ್ತಿಗೂ ನೆನೆಯುತ್ತೇನೆ. "ಕಣ್ಣು ಕೀಳೋದಿಲ್ಲ ಅಜ್ಜಿ, ಇದ್ದ ಕಡೆಯೇ ಪೊರೆ ತೆಗೀತೀವಿ. ನೀರು ಸೋಸಿ, ಕುದಿಸಿ, ಮುಚ್ಚಿಟ್ಟಿದ್ದೇವೆ" ಅಂದು, ನರ್ಸಮ್ಮನಿಗೆ ಹೇಳಿ ಆ ಪಾತ್ರೆಯನ್ನೂ ಅದರ ಬಿಳೀ ಬಟ್ಟೆಯನ್ನೂ ತರಿಸಿ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು.

"ಎರಡು ಮಡಿಕೆ ಮಾಡಿ ಸೋಸಮ್ಮ. ಇನ್ನೂ ಒಳ್ಳೇದು" ಅಂತ ನರ್ಸಮ್ಮನಿಗೆ ಹೇಳಿ, ಮಂಚದ ಮೇಲೆ ಮಲಗಿದಳು.

ನಗಬಾರದ ಜಾಗ

ಆಪರೇಷನ್ ಆದ ಮೇಲೆ ಕಣ್ಣಿಗೆ ಪಟ್ಟಿ. ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ. ಅಲ್ಲಾಡಬಾರದು, ಕೆಮ್ಮಬಾರದು, ಸೀನಬಾರದು. ನರ್ಸಮ್ಮ ಕೊನೆಯಲ್ಲಿ, "ಮುಖ್ಯವಾಗಿ ನಗಬಾರದು. ನಕ್ಕರೆ ಹೊಲಿಗೆ ಬಿಚ್ಚಿಕೊಳ್ತದೆ" ಅಂದರು.

ಅಜ್ಜಿ ಮಲಗಿದ್ದಲ್ಲಿಂದಲೇ, "ಹಾಗಾದ್ರೆ ಇವನನ್ನ ಊರಿಗೆ ಕಳಿಸಿ" ಅಂದಳು.

ಅಪ್ಪ ಅಂಗಡಿಗೆ ಹೋಗಬೇಕಿತ್ತು, ನನ್ನನ್ನು ಕಳಿಸುವಂತಿರಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಮಂಚದ ಪಕ್ಕ ಕೂತೆ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಸುಮ್ಮನೆ ಕೂತವನಲ್ಲ. ಸ್ವಲ್ಪ ಹೊತ್ತಿನಲ್ಲಿ ಅಜ್ಜಿಯ ಹೊಟ್ಟೆ ಕುಲುಕತೊಡಗಿತು. ನರ್ಸಮ್ಮ ಓಡಿ ಬಂದರು. "ಏನೋ ಹೇಳಿದೆ ನೀನು?"

"ಏನೂ ಹೇಳಿಲ್ಲ ಸಿಸ್ಟರ್."

"ಅದಕ್ಕೇ ನಗು ಬರ್ತಿರೋದು ತಾಯಿ" ಅಂದಳು ಅಜ್ಜಿ, ತುಟಿ ಬಿಗಿಹಿಡಿದು. "ಇವನು ಪಕ್ಕದಲ್ಲಿ ಇದ್ದಾನೆ, ಸುಮ್ಮನೆ ಇದ್ದಾನೆ. ನೆನೆಸ್ಕೊಂಡ್ರೆ ತಡೆಯೋಕಾಗಲ್ಲ."

ಮಾತಾಡಿದ್ದಕ್ಕೆ ಶಾಲೆಯಿಂದ ಹೊರಗೆ ಹಾಕಿಸಿಕೊಂಡವನು ನಾನು. ಸುಮ್ಮನಿದ್ದದ್ದಕ್ಕೂ ಶಾಲೆಯಿಂದಲೇ ಹೊರಗೆ ಹಾಕಿಸಿಕೊಂಡೆ.

ಇನ್ನು ಅಜ್ಜಿಗೆ ಹೊತ್ತು ಹೇಳುವವರು ಯಾರು? ಪಟ್ಟಿ ಕಟ್ಟಿದ ಮೇಲೆ ಹಗಲೂ ಕತ್ತಲೆ. ಪಕ್ಕದ ಮಂಚದಲ್ಲಿ ಇನ್ನೊಬ್ಬ ಮುದುಕಿ ಇದ್ದಳು, ಅವಳ ಯಜಮಾನರು ಗಂಡಸಿ ಊರಿನ ಕಡೆಯ ತೆಂಗಿನ ತೋಟದವರು. ಅವರಿಗೆ ವಿಷಯ ಹೇಳಿದೆ. ಅಂದಿನಿಂದ ಸಂಜೆಯಾಗುತ್ತಿದ್ದ ಹಾಗೆ ಆ ಅಜ್ಜ ಮೆಟ್ಟಿಲ ಮೇಲೆ ಕೂತು, ಬೀಡಿ ಪಕ್ಕಕ್ಕಿಟ್ಟು, ಕಿಟಕಿಯಿಂದ ಕೂಗುವರು.

"ಅವ್ವಾ, ಹೊತ್ತು ಇನ್ನೂ ತೆಂಗಿನ ತಲೆ ಮೇಲೈತೆ. ನಿಧಾನಕ್ಕೆ ಉಣ್ಣವ್ವ."

"ನಿಜಾನೇನಪ್ಪ?"

"ನಾನೇನು ನಿನ್ನ ಮೊಮ್ಮಗನಾ ಅವ್ವ, ಸುಳ್ಳು ಹೇಳಾಕೆ."

ಅಜ್ಜಿ ನಿಶ್ಚಿಂತೆಯಾಗಿ ಊಟ ಮಾಡಿದಳು. ಎಷ್ಟೋ ದಿನದ ಮೇಲೆ ಸಂಜೆ ಊಟ. ಯಾರ ಮನೆಯ ಅಜ್ಜನೋ, ನಮ್ಮಜ್ಜಿಗಾಗಿ ದಿನಾ ಸೂರ್ಯನನ್ನು ಕಾದರು. ನನ್ನನ್ನು ಸುಳ್ಳುಗಾರ ಅಂದದ್ದಕ್ಕೂ ಸೇರಿಸಿ ಅವರಿಗೆ ನಮಸ್ಕಾರ.

ಗೆರೆ

ಗಾಯ ಮಾಗಿದ ಮೇಲೆ ಕನ್ನಡಕ ಬಂತು. ಸೋಡಾ ಬಾಟಲಿಯ ತಳದಷ್ಟು ದಪ್ಪ. ಹಾಕಿಕೊಂಡ ಕೂಡಲೇ ಅಜ್ಜಿ ಕೇಳಿದ್ದು ಮೊರ. ಅಕ್ಕಿ ಹರಡಿಕೊಂಡು ಒಂದು ಹುಳ ಹಿಡಿದಳು, ಎತ್ತಿ ಬಾಗಿಲಾಚೆ ಬಿಟ್ಟಳು, ಆಮೇಲೆ ಅಮ್ಮನನ್ನು ಕರೆದು, "ಇಷ್ಟು ದಿನ ಇದನ್ನೇ ತಿನ್ನಿಸ್ತಿದ್ರಾ?" ಅಂದಳು. ಅಮ್ಮ ಬೈಸಿಕೊಂಡು ಒಳಗೆ ಹೋಗಿ ಸಂತೋಷಕ್ಕೆ ಅತ್ತಳು. ಮಧ್ಯಾಹ್ನ ಮನೆಯಲ್ಲಿ ಸೊಪ್ಪಿನ ಸಾರು.

ಮಾರನೆಯ ಬೆಳಿಗ್ಗೆ ಬಸದಿಗೆ ಹೊರಟೆವು. ಅಜ್ಜಿ ದಾರಿಯುದ್ದಕ್ಕೂ ಮೆಲ್ಲಗೆ ಒಬ್ಬೊಬ್ಬರನ್ನೇ ನೆನೆದು ಕೈ ಮುಗಿಯುತ್ತಿದ್ದಳು. ಡಾಕ್ಟರು, ನರ್ಸಮ್ಮ, ಸಂತೆಯ ಸಾಬರು, ಗಂಡಸಿ ಅಜ್ಜ. ಕೊನೆಗೆ "ಆ ಇರುವೆ" ಅಂದಳು. ನಾನು ಇನ್ನೂ ಪಟ್ಟಿಗೆ ಬಂದಿರಲಿಲ್ಲ.

ಪುರೋಹಿತರು ಬಾಗಿಲಲ್ಲೇ ನಿಂತಿದ್ದರು. ಅಜ್ಜಿ ಇಲ್ಲದಿದ್ದಾಗಲೂ ಅವರು ದಿನಾ ಕಂಬ ಉಜ್ಜಿದ್ದರು, ಅಜ್ಜಿಯ ಕಣ್ಣಿಗಾಗಿ ಪೂಜೆಯನ್ನೂ ಮಾಡಿದ್ದರು. ಇವತ್ತಾದರೂ ಸತ್ಯ ಹೊರಬೀಳುತ್ತದೆ, ಕಂಬ ಮೊದಲಿನಿಂದಲೂ ಹೊಳೆಯುತ್ತಲೇ ಇತ್ತು ಅಂತ ಅಜ್ಜಿಯ ಬಾಯಲ್ಲೇ ಕೇಳಬಹುದು ಅಂತ ಅವರ ಮುಖದಲ್ಲೇ ಬರೆದಿತ್ತು. ಅಷ್ಟು ಕೇಳುವ ಹಕ್ಕು ಅವರಿಗಿತ್ತು.

ಅಜ್ಜಿ ಕಂಬದ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು. ಕಂಬದೊಳಗಿನ ಅಜ್ಜಿಯೂ ಸರಿಮಾಡಿಕೊಂಡಳು. ಹಿಂದೆ ಸ್ವಾಮಿಯ ದೀಪ ಕಂಡಿತು. ಅವಳ ತುಟಿ ನಡುಗಿತು.

ಆಮೇಲೆ ಅವಳು ಕನ್ನಡಕ ಮೂಗಿನ ಮೇಲೆ ಒತ್ತಿಕೊಂಡು ಇನ್ನೂ ಹತ್ತಿರ ಹೋದಳು. ಅವಳು ತನ್ನ ಮುಖವನ್ನು ಸರಿಯಾಗಿ ನೋಡಿಕೊಂಡು ಎಷ್ಟು ವರ್ಷವಾಗಿತ್ತೋ. ಕಂಬದೊಳಗಿನ ಹಣೆಯ ಮೇಲೆ ಬೆರಳಾಡಿಸಿದಳು. ಕೆನ್ನೆಯ ಹತ್ತಿರ ಕಲ್ಲನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದಳು. ಸೆರಗಿನಿಂದ ಒರೆಸಿದಳು. ಹೋಗಲಿಲ್ಲ.

"ಪುರೋಹಿತರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ಬಿಡಿ ಅಮ್ಮಾ, ಅದೆಲ್ಲ ಯಾಕೆ" ಅಂದರು ಪುರೋಹಿತರು, ಆಗಲೇ ಕ್ಷಮಿಸಿದವರ ಹಾಗೆ.

"ನಾನು ಹೇಳಿದ ಮೇಲೆ ಚೆನ್ನಾಗಿ ಉಜ್ಜಿದ್ದೀರಿ. ಹೊಳಪು ಬಂದಿದೆ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ಒತ್ತಿ ಉಜ್ಜಬಾರದಿತ್ತು. ನೋಡಿ ಇಲ್ಲಿ, ಕಂಬದ ತುಂಬ ಗೆರೆ ಬೀಳಿಸಿಬಿಟ್ಟಿದ್ದೀರಿ."

ಪುರೋಹಿತರು ಕಂಬ ನೋಡಿದರು, ಅಜ್ಜಿಯ ಮುಖ ನೋಡಿದರು, ಬಾಯಿ ತೆರೆದರು. ಅಜ್ಜಿಯ ಬೆನ್ನ ಹಿಂದೆ ನಿಂತಿದ್ದ ನಾನು ಅವರಿಗೆ ಎರಡೂ ಕೈ ಜೋಡಿಸಿ ಮುಗಿದೆ. ಆ ಬಸದಿಯಲ್ಲಿ ನಾನು ಅಷ್ಟು ಭಕ್ತಿಯಿಂದ ಕೈ ಮುಗಿದದ್ದು ಅದೇ ಮೊದಲು.

ಪುರೋಹಿತರು ತೆರೆದ ಬಾಯಿ ಮುಚ್ಚಿ, ತಲೆ ತಗ್ಗಿಸಿದರು.

"ಆಗಲಿ ಅಮ್ಮಾ. ಇನ್ನು ಮೇಲೆ ಮೆಲ್ಲಗೆ ಉಜ್ಜುತ್ತೇನೆ."